ಬಡಾವಣೆ ಕಟ್ಟೆ: ರಸ್ತೆ ಯಾರದ್ದು, ಬಿಲ್ ಯಾರದ್ದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದಾವಣಗೆರೆಯವು, ಒಂದು ಚಿತ್ರದುರ್ಗದ್ದು. ಮಳೆ ಹಿಡಿದಿರುವುದರಿಂದ ನೀರು, ಚರಂಡಿ, ಕಳೆ ಎಲ್ಲವೂ ಒಟ್ಟಿಗೇ ಬಂದಿವೆ. ಉದ್ದನೆಯ ಪತ್ರಗಳನ್ನು ಮೊಟಕುಗೊಳಿಸಿದ್ದೇವೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮದು ದಾವಣಗೆರೆ ಹೊರವಲಯದ ಖಾಸಗಿ ಬಡಾವಣೆ. 60 ಮನೆಗಳಾಗಿವೆ. ಎರಡು ತಿಂಗಳಿಂದ ಬೀದಿದೀಪ ಉರಿಯುತ್ತಿಲ್ಲ. ಕಚೇರಿಗೆ ಹೋದರೆ ‘ನಿಮ್ಮ ಲೇಔಟ್ ಹಸ್ತಾಂತರ ಆಗಿಲ್ಲ’ ಅಂತಾರೆ. ಲೇಔಟ್ ಮಾಡಿದವರು ಫೋನ್ ಎತ್ತುವುದಿಲ್ಲ. ಕಂದಾಯ ಮಾತ್ರ ವರ್ಷವರ್ಷ ಕಟ್ಟುತ್ತಿದ್ದೇವಲ್ಲ?

ಕಂದಾಯ ಕಟ್ಟುವುದಕ್ಕೂ ಹಸ್ತಾಂತರಕ್ಕೂ, ಅಂದರೆ ಬಡಾವಣೆಯ ರಸ್ತೆ, ದೀಪಗಳ ಹೊಣೆ ಪಾಲಿಕೆಗೆ ಹೋಗುವುದಕ್ಕೂ, ಸಂಬಂಧವಿಲ್ಲ. ಖಾತೆ ಹೇಳುವುದು ನಿಮ್ಮ ನಿವೇಶನದ ತೆರಿಗೆ ಯಾರು ಕಟ್ಟಬೇಕು ಎಂಬುದನ್ನಷ್ಟೆ. ಮನೆ ಮುಂದಿನ ರಸ್ತೆ, ಉದ್ಯಾನ, ಕಂಬ, ಒಳಚರಂಡಿ ಯಾರ ಸುಪರ್ದಿಯಲ್ಲಿವೆ ಅನ್ನುವುದು ಬೇರೆಯದೇ ಕಡತ. ಆ ಕಡತ ನೋಡದೆ ಕೊಟ್ಟ ಮನವಿಗಳೆಲ್ಲ ಹೋಗಿ ಬೀಳುವುದು ತಪ್ಪು ಮೇಜಿನ ಮೇಲೆ. ಬಡಾವಣೆ ಸಂಘಗಳ ಅರ್ಧ ಶ್ರಮ ವ್ಯರ್ಥವಾಗುವುದು ಇಲ್ಲಿಯೇ.

ಮೊದಲು ನಾಲ್ಕು ಕಾಗದ ತರಿಸಿ. ಒಂದು, ಅನುಮೋದಿತ ವಿನ್ಯಾಸ ನಕ್ಷೆ. ಎರಡು, ನಿವೇಶನ ಬಿಡುಗಡೆಯ ಆದೇಶಗಳು. ನಿವೇಶನಗಳನ್ನು ಕಾಮಗಾರಿಯ ಪ್ರಗತಿ ನೋಡಿ ಹಂತಹಂತವಾಗಿ ಬಿಟ್ಟಿದ್ದರೆ ಆದೇಶಗಳೂ ಒಂದಕ್ಕಿಂತ ಹೆಚ್ಚಿರುತ್ತವೆ. ಮೂರು, ರಸ್ತೆ ಮತ್ತು ಉದ್ಯಾನದ ಜಾಗವನ್ನು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ನೋಂದಾಯಿತ ಪತ್ರ. ಕಚೇರಿಯಲ್ಲಿ ಇದನ್ನು ರಿಲಿಂಕ್ವಿಶ್‌ಮೆಂಟ್ ಡೀಡ್ ಎಂದೇ ಕೇಳಬೇಕು. ನಾಲ್ಕು, ರಸ್ತೆ, ನೀರು, ಒಳಚರಂಡಿ, ವಿದ್ಯುತ್ ಕಾಮಗಾರಿ ಮುಗಿದ ಪ್ರಮಾಣಪತ್ರಗಳು. ಇವು ಇರುವುದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ, ಅಂದರೆ ಊರ ಬಾಯಲ್ಲಿ ದೂಡಾ.

ಬಾಯಿಮಾತಲ್ಲಿ ಕೇಳಿದರೆ ಸಿಗದಿದ್ದಾಗ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ನಮಗೆ ಅನ್ಯಾಯವಾಗಿದೆ’ ಎಂದು ಎರಡು ಪುಟ ಬರೆದವರ ಅರ್ಜಿ ಅಲ್ಲೇ ವಾಪಸ್ ಬರುತ್ತದೆ. ಸರ್ವೆ ನಂಬರ್, ಬಡಾವಣೆಯ ಹೆಸರು, ಬೇಕಾದ ನಾಲ್ಕು ದಾಖಲೆ, ಇಷ್ಟೇ ಸಾಕು. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಕಾಗದ ಕೈಗೆ ಬಂದ ಮೇಲೆ ದಾರಿ ಎರಡಾಗುತ್ತದೆ. ಕಾಮಗಾರಿ ಮುಗಿದ ಪ್ರಮಾಣಪತ್ರ ಇದ್ದು ಹಸ್ತಾಂತರ ಮಾತ್ರ ಬಾಕಿ ಎಂದಾದರೆ ಪ್ರಾಧಿಕಾರದ ಆಯುಕ್ತರು, ಪಾಲಿಕೆ ಆಯುಕ್ತರು ಇಬ್ಬರಿಗೂ ಒಂದೇ ಪತ್ರದಲ್ಲಿ ಜಂಟಿ ಸ್ಥಳ ಪರಿಶೀಲನೆ ಕೇಳಿ. ‘ರಸ್ತೆ ಹಾಳಾಗಿದೆ’ ಅನ್ನುವ ಬದಲು ‘3ನೇ ಅಡ್ಡರಸ್ತೆಯಲ್ಲಿ 40 ಮೀಟರ್ ಡಾಂಬರು ಕಿತ್ತಿದೆ, 7ರಿಂದ 15ನೇ ಕಂಬದವರೆಗೆ ದೀಪವಿಲ್ಲ’ ಎಂದು ಪಟ್ಟಿ ಮಾಡಿ, ನಕ್ಷೆಯ ಮೇಲೆ ಗುರುತು ಹಾಕಿ ಲಗತ್ತಿಸಿ. ಪ್ರಮಾಣಪತ್ರವೇ ಇಲ್ಲ ಎಂದಾದರೆ ಹೊಣೆ ಇನ್ನೂ ಬಡಾವಣೆ ಮಾಡಿದವರ ತಲೆಯ ಮೇಲಿದೆ. ಅವರ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದೆಯೇ ಎಂದು ಕರ್ನಾಟಕ ರೇರಾದ ಜಾಲತಾಣದಲ್ಲಿ ನೋಡಿ. ಆಗಿದ್ದರೆ ಅವರು ಏನೇನು ಕೊಡುತ್ತೇವೆಂದು ಬರೆದುಕೊಟ್ಟಿದ್ದಾರೆ ಎಂಬುದೂ ಅಲ್ಲೇ ಇರುತ್ತದೆ. ದೂರಿಗೆ ಅದೇ ಆಧಾರ.

ಇನ್ನು ದೀಪದ ತುರ್ತು. ಬೀದಿದೀಪದ ಮೀಟರ್ ಪೆಟ್ಟಿಗೆ ಹುಡುಕಿ, ಅದರ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಗುರುತು ಸಂಖ್ಯೆ) ಬರೆದುಕೊಳ್ಳಿ. ಆ ನಂಬರಿನ ಬಿಲ್ ಯಾರ ಹೆಸರಲ್ಲಿದೆ, ಎಷ್ಟು ಬಾಕಿ ಎಂಬುದು ಬೆಸ್ಕಾಂ ಉಪವಿಭಾಗದಲ್ಲಿ ತಿಳಿಯುತ್ತದೆ. ಬಿಲ್ ಬಾಕಿಯಿಂದ ಫ್ಯೂಸ್ ಕಿತ್ತಿದ್ದಾರೋ, ಪೆಟ್ಟಿಗೆಯೊಳಗಿನ ಟೈಮರ್ ಅಥವಾ ಕಾಂಟ್ಯಾಕ್ಟರ್ (ದೀಪ ಹೊತ್ತಿಸಿ ಆರಿಸುವ ಸ್ವಿಚ್) ಸುಟ್ಟಿದೆಯೋ, ಇವೆರಡಕ್ಕೂ ಮದ್ದು ಬೇರೆ. ಸಂಘವೇ ಬಿಲ್ ಕಟ್ಟಲು ಹೊರಟರೆ ಕಟ್ಟಿ, ಆದರೆ ‘ಹಸ್ತಾಂತರ ಆಗುವವರೆಗೆ ತಾತ್ಕಾಲಿಕವಾಗಿ, ಹೊಣೆ ಒಪ್ಪಿಕೊಳ್ಳದೆ ಕಟ್ಟಿದ್ದೇವೆ’ ಎಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಇಲ್ಲವಾದರೆ ನಾಳೆ ಅದೇ ರಶೀದಿ ನಿಮ್ಮ ವಿರುದ್ಧ ಸಾಕ್ಷಿ. ಖಾಸಗಿ ಎಲೆಕ್ಟ್ರಿಷಿಯನ್‌ನನ್ನು ಬೆಸ್ಕಾಂ ಕಂಬ ಹತ್ತಿಸುವ ಕೆಲಸ ಮಾತ್ರ ಬೇಡ. ದೂರಿಗೆ 1912.

ಪ್ರಶ್ನೆ: ಸಂಘ ನೋಂದಣಿಯಾಗಿ ಒಂಬತ್ತು ವರ್ಷ. ಮೊದಲ ಎರಡು ವರ್ಷ ಬಿಟ್ಟರೆ ನೋಂದಣಾಧಿಕಾರಿಗೆ ಏನೂ ಸಲ್ಲಿಸಿಲ್ಲ. ಹೊಸದಾಗಿ ಇನ್ನೊಂದು ಸಂಘ ಮಾಡಿಬಿಡುವುದು ಸುಲಭವಲ್ಲವೇ?

ಸುಲಭವೇನೋ ಹೌದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ 18 ದಾಟಿದ ಏಳು ಜನ ಸಹಿ ಹಾಕಿದರೆ ಸಂಘ ಹುಟ್ಟುತ್ತದೆ. ಆದರೆ ಹಳೆಯ ಸಂಘದ ಬ್ಯಾಂಕ್ ಖಾತೆ, ಠೇವಣಿ, ಬೋರ್‌ವೆಲ್ಲಿನ ವಿದ್ಯುತ್ ಸಂಪರ್ಕ ಎಲ್ಲ ಹಳೆಯ ಹೆಸರಲ್ಲೇ ಉಳಿಯುತ್ತವೆ. ಆಮೇಲೆ ಒಂದೇ ಬಡಾವಣೆಗೆ ಎರಡು ಸಂಘ, ಎರಡು ಗಣಪತಿ. ಹಳೆಯದನ್ನೇ ಎಬ್ಬಿಸಿ.

ಕಾಯ್ದೆಯ 13ನೇ ಕಲಂ ಕೇಳುವುದು ಇಷ್ಟು: ವಾರ್ಷಿಕ ಮಹಾಸಭೆ ನಡೆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ಹೆಸರು, ವಿಳಾಸ, ಉದ್ಯೋಗ ಸಮೇತ, ಲೆಕ್ಕಪರಿಶೋಧನೆಯಾದ ಆಸ್ತಿ-ಹೊಣೆ ಪಟ್ಟಿಯ ಜೊತೆ ಸಲ್ಲಿಸಬೇಕು. ಬಾಕಿ ವರ್ಷಗಳ ಲೆಕ್ಕವನ್ನು ವರ್ಷವಾರು ಬೇರೆಬೇರೆ ಮಾಡಿಸಿ; ಏಳು ವರ್ಷವನ್ನು ಒಂದೇ ಹಾಳೆಯಲ್ಲಿ ಮಡಿಚಿಡಲಾಗದು. ತಡವಾದ್ದಕ್ಕೆ ದಂಡ ಬೀಳುತ್ತದೆ, ಕಟ್ಟಿಬಿಡಿ. ಸಾಮಾನ್ಯವಾಗಿ ಕಡತ ಸಿಕ್ಕಿಬೀಳುವುದು ಎರಡು ಕಡೆ. ಮಹಾಸಭೆಯ ನಡಾವಳಿ ಪುಸ್ತಕದಲ್ಲಿ ಹಾಜರಿ ಸಹಿ ಇರುವುದಿಲ್ಲ, ಅಥವಾ ಬೈಲಾದಲ್ಲಿ ‘ಮಂಡಳಿ 11 ಜನ’ ಎಂದಿದ್ದು ಪಟ್ಟಿಯಲ್ಲಿ 9 ಇರುತ್ತಾರೆ. ಹೋಗುವ ಮುನ್ನ ಬೈಲಾ ಒಮ್ಮೆ ಓದಿಕೊಳ್ಳಿ. ಬಹಳ ಸಂಘಗಳಲ್ಲಿ ಅಧ್ಯಕ್ಷರೂ ಅದನ್ನು ಓದಿರುವುದಿಲ್ಲ.

ವಂತಿಗೆಯನ್ನು ನಗದಾಗಿ ಪಡೆದು ನಗದಾಗಿಯೇ ಖರ್ಚು ಮಾಡುವ ಪದ್ಧತಿ ನಿಲ್ಲಿಸಿ. ಸಂಘದ ಹೆಸರಲ್ಲಿ ಪ್ಯಾನ್, ಇಬ್ಬರ ಜಂಟಿ ಸಹಿಯ ಖಾತೆ, ಸಂಖ್ಯೆ ಹಾಕಿದ ರಶೀದಿ ಪುಸ್ತಕ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುವ ಮಾತು ಬರುವುದು ಕಳ್ಳತನದಿಂದಲ್ಲ, ಹೆಚ್ಚಾಗಿ ರಶೀದಿ ಇಲ್ಲದ್ದರಿಂದ.

ಪ್ರಶ್ನೆ: ಸಂಘದ ಬೋರ್‌ವೆಲ್‌ನಿಂದ 50,000 ಲೀಟರ್ ಮೇಲ್ತೊಟ್ಟಿಗೆ ನೀರೇರಿಸಿ 60 ಮನೆಗೆ ಬಿಡುತ್ತೇವೆ. ಕೊನೆಯ ಬೀದಿಗೆ ನೀರೇ ತಲುಪುವುದಿಲ್ಲ. ಈಗ ಮಳೆಗಾಲದಲ್ಲಿ ವಾಸನೆಯ ದೂರು ಬೇರೆ. ದೊಡ್ಡ ಮೋಟಾರ್ ಹಾಕಿಸಬೇಕೇ?

ಮೋಟಾರಿಗೆ ಕೈ ಹಾಕಬೇಡಿ, ಮೊದಲು ಅಳತೆ ಮಾಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಒಳಚರಂಡಿ ಇರುವ ಊರಿಗೆ ಹಿಡಿಯುವ ಲೆಕ್ಕ. 60 ಮನೆ, ಮನೆಗೆ ನಾಲ್ಕು ಜನ ಎಂದರೆ 32,400 ಲೀಟರ್. ತೊಟ್ಟಿಯ ಗಾತ್ರ ಧಾರಾಳವಾಗಿದೆ. ಬೋರಿನ ಇಳುವರಿ ನೋಡಲು 200 ಲೀಟರ್ ಡ್ರಮ್ ಸಾಕು. ಅದು ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್, ಅಂದರೆ ದಿನದ ಅಗತ್ಯಕ್ಕೆ ಸುಮಾರು ಐದೂವರೆ ಗಂಟೆ ಮೋಟಾರ್ ಓಡಬೇಕು. ಈ ಅಳತೆಯನ್ನು ಮೋಟಾರ್ ಹಾಕಿದ ಕೂಡಲೇ ಮಾಡಬೇಡಿ, ಗಂಟೆ ಓಡಿದ ಮೇಲೆ ಮಾಡಿ. ಕೊಳವೆಯಲ್ಲಿ ನಿಂತ ನೀರು ಮೊದಲು ಜೋರಾಗಿ ಬಂದು ಮೋಸ ಮಾಡುತ್ತದೆ. ಇಳುವರಿ ಕಡಿಮೆಯಿದ್ದು ದೊಡ್ಡ ಮೋಟಾರ್ ಇಳಿಸಿದರೆ ಒಣ ಓಟ ಓಡಿ ವೈಂಡಿಂಗ್ ಸುಡುತ್ತದೆ. ಡ್ರೈ ರನ್ ತಡೆಯುವ ರಿಲೇ ಪ್ಯಾನೆಲ್‌ನಲ್ಲಿ ಇದೆಯೇ ನೋಡಿ. ಇದ್ದರೂ ಎಷ್ಟೋ ಕಡೆ ಮೆಕ್ಯಾನಿಕ್ ‘ಪದೇಪದೇ ಟ್ರಿಪ್ ಆಗುತ್ತೆ’ ಎಂದು ಬೈಪಾಸ್ ಮಾಡಿಟ್ಟಿರುತ್ತಾನೆ.

ನೀರು ಕೊನೆಯ ಬೀದಿಗೆ ತಲುಪದಿರಲು ಕಾರಣ ಮೋಟಾರ್ ಅಲ್ಲ, ಮೊದಲ ಬೀದಿಯ ಸಂಪುಗಳು. ತಗ್ಗಿನಲ್ಲಿರುವ ಮನೆಯ ಸಂಪಿಗೆ ಬಾಲ್‌ಕಾಕ್ ಇಲ್ಲದಿದ್ದರೆ ಅದು ತುಂಬಿ ಹರಿಯುತ್ತಲೇ ಇರುತ್ತದೆ, ಆಚೆ ಬೀದಿ ಒಣಗಿರುತ್ತದೆ. ಬಡಾವಣೆಯನ್ನು ಮೂರು ಪಾಳಿಗೆ ಒಡೆದು ಪ್ರತಿ ಕವಲಿಗೆ ಗೇಟ್‌ವಾಲ್ವ್ ಹಾಕಿ, ಪಾಳಿಗೆ 40 ನಿಮಿಷ ಬಿಡಿ. ಕೊನೆಯ ಬೀದಿಗೆ ಮೊದಲ ಪಾಳಿ. ತೊಟ್ಟಿ ತುಂಬಿದ್ದಾಗ ಒತ್ತಡ ಚೆನ್ನಾಗಿರುತ್ತದೆ. ಬಾಲ್‌ಕಾಕ್ ಇಲ್ಲದ ಮನೆಗಳ ಪಟ್ಟಿ ಮಾಡಿ ಫಲಕದಲ್ಲಿ ಹಾಕಿದರೆ ವಾರದಲ್ಲಿ ಎಲ್ಲರೂ ಹಾಕಿಸುತ್ತಾರೆ.

ವಾಸನೆಯ ವಿಷಯ ಗಂಭೀರ. ನೀರಿನ ಪೈಪಿಗೇ ನೇರ ಮೋಟಾರ್ ಹಚ್ಚಿ ಎಳೆಯುವ ಮನೆ ಇದೆಯೇ ಮೊದಲು ಹುಡುಕಿ. ಹಾಗೆ ಎಳೆದಾಗ ಪೈಪಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗಿ, ಸೋರುವ ಜಾಯಿಂಟ್‌ನಿಂದ ಚರಂಡಿ ನೀರು ಒಳಗೆ ಹೀರಿಕೊಳ್ಳುತ್ತದೆ. ಆ ಮನೆಯವರಿಗೆ ನೀರು ಚೆನ್ನಾಗಿಯೇ ಬರುತ್ತಿರುತ್ತದೆ, ಹೊಲಸು ಹೋಗುವುದು ಪಕ್ಕದವರಿಗೆ. ಚರಂಡಿ ದಾಟುವ ಕಡೆ ಪೈಪಿಗೆ ಕವಚದ ಪೈಪ್ ಹಾಕಿಸಿ.

ತೊಟ್ಟಿಯನ್ನು ಖಾಲಿ ಮಾಡಿ ಉಜ್ಜಿದ ಮೇಲೆ, 1,000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪುಡಿ ಸೇರಿಸಿದ ನೀರನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಪೂರ್ತಿ ಹೊರಬಿಡಿ. ಆ ನೀರು ಮನೆಗಳಿಗೆ ಹೋಗಬಾರದು, ಹಿಂದಿನ ದಿನವೇ ತಿಳಿಸಿ. ದಿನನಿತ್ಯದ ಪ್ರಮಾಣ ಬೇರೆ: 1,000 ಲೀಟರಿಗೆ ಎರಡೂವರೆ ಗ್ರಾಂ, ನಿಮ್ಮ ತುಂಬಿದ ತೊಟ್ಟಿಗೆ 125 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ ನೀರಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ವಾಲ್ವ್ ತೆರೆಯಿರಿ. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಣ್ಣ ನೋಡಿ ಹೇಳುವ ಕ್ಲೋರೋಸ್ಕೋಪ್ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ಈ ಲೆಕ್ಕ 33 ಪ್ರತಿಶತ ಕ್ಲೋರಿನ್ ಇರುವ ಪುಡಿಯದ್ದು. ಚೀಲ ಬಿಚ್ಚಿಟ್ಟು ಆರು ತಿಂಗಳಾದ ಪುಡಿಯಲ್ಲಿ ಅಷ್ಟು ಸತ್ವ ಇರುವುದಿಲ್ಲ. ಎಷ್ಟೋ ಸಂಘಗಳ ಪಂಪ್‌ಹೌಸ್ ಮೂಲೆಯಲ್ಲಿ ಇರುವುದು ಬ್ಲೀಚಿಂಗ್ ಅಲ್ಲ, ಬರೀ ಸುಣ್ಣ.

ಪ್ರಶ್ನೆ (ಚಿತ್ರದುರ್ಗದಿಂದ): ನಮ್ಮ ಬಡಾವಣೆ ಬೋರಿನ ನೀರಲ್ಲಿ ಫ್ಲೋರೈಡ್ 2.1 ಬಂದಿದೆ. ಕಾಯಿಸಿ ಆರಿಸಿ ಕುಡಿದರೆ ಸಾಕೇ?

ಸಾಲದು, ಕಾಯಿಸಿದರೆ ಇನ್ನೂ ಕೇಡು. ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಗಟ್ಟಿಯಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5. ನಿಮ್ಮದು ಎರಡನ್ನೂ ದಾಟಿದೆ. ಸ್ನಾನಕ್ಕೆ, ಬಟ್ಟೆಗೆ ಬಳಸಲು ಅಡ್ಡಿಯಿಲ್ಲ. ಕುಡಿಯಲು, ಅಡುಗೆಗೆ ಬೇಡ. ಅಡುಗೆಗೆ ಎಂದದ್ದನ್ನು ಗಮನಿಸಿ. ಕುಡಿಯಲು ಕ್ಯಾನ್ ನೀರು ತಂದು ಬೇಳೆ ಬೇಯಿಸಲು ಬೋರಿನದೇ ಬಳಸುವ ಮನೆಗಳು ಬಹಳ.

ಆರ್‌ಓ ಯಂತ್ರ ಫ್ಲೋರೈಡ್ ತೆಗೆಯುತ್ತದೆ. ಬರೀ ಯುವಿ ದೀಪದ ಫಿಲ್ಟರ್ ತೆಗೆಯುವುದಿಲ್ಲ. ಆದರೆ ನಿಮ್ಮೂರಿನವರಿಗೆ ಇದಕ್ಕಿಂತ ಹಳೆಯ ಉತ್ತರ ಕಣ್ಣೆದುರೇ ಇದೆ. ಕೋಟೆಯ ಮೇಲಿನ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳಲ್ಲಿ ನಿಲ್ಲುತ್ತಿದ್ದುದು ಬಂಡೆಯ ಮೇಲೆ ಬಿದ್ದ ಮಳೆನೀರು. ಮಳೆನೀರಲ್ಲಿ ಫ್ಲೋರೈಡ್ ಕಾಟವಿಲ್ಲ.

ಲೆಕ್ಕ ಹಾಕಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 900 ಚದರಡಿ ತಾರಸಿ ಅಂದರೆ ಸುಮಾರು 84 ಚದರ ಮೀಟರ್. ವರ್ಷದ ಮಳೆಯನ್ನು ಕಡಿಮೆಯಾಗಿ 550 ಮಿಲಿಮೀಟರ್ ಎಂದೇ ಹಿಡಿದು, ಐದನೇ ಒಂದು ಭಾಗ ನಷ್ಟಕ್ಕೆ ಬಿಟ್ಟರೂ 36,000 ಲೀಟರ್ ದಾಟುತ್ತದೆ. ನಾಲ್ಕು ಜನರ ಕುಡಿಯುವ ಮತ್ತು ಅಡುಗೆಯ ನೀರು ದಿನಕ್ಕೆ 20 ಲೀಟರ್, ಒಣ ಆರು ತಿಂಗಳಿಗೆ 3,600. ಹಾಗಾಗಿ 5,000 ಲೀಟರಿನ ಬೇರೆ ಸಂಪು ಸಾಕು, ಬೋರಿನ ಸಂಪಿಗೆ ಕೂಡಿಸಬೇಡಿ. ಮೊದಲ ಮಿಲಿಮೀಟರ್ ಮಳೆ ತಾರಸಿಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುವುದರಿಂದ ಸುಮಾರು 84 ಲೀಟರ್ ಹೊರಗೆ ಹೋಗಬೇಕು. ಮಾರುವವರು ಕೊಡುವ ಮೂರಡಿ ಉದ್ದದ ನಾಲ್ಕಂಗುಲ ಪೈಪಿನಲ್ಲಿ ಹಿಡಿಯುವುದು ಏಳೆಂಟು ಲೀಟರ್ ಮಾತ್ರ! 100 ಲೀಟರ್ ಡ್ರಮ್ ಇಟ್ಟು, ಅದು ತುಂಬಿದ ಮೇಲೆ ಸಂಪಿಗೆ ತಿರುಗುವ ಹಾಗೆ ಮಾಡಿಸಿ. ಸಂಪಿಗೆ ಬೆಳಕು ಬೀಳಬಾರದು, ಗಾಳಿಕೊಳವೆಗೆ ಸೊಳ್ಳೆ ಜಾಲರಿ ಇರಬೇಕು. ಮಳೆನೀರಿಗೆ ರೋಗಾಣುವಿನ ಭಯ ಇದ್ದೇ ಇದೆ. ಇದನ್ನು ಮಾತ್ರ ಕಾಯಿಸಿ ಕುಡಿಯಿರಿ.

ಪ್ರಶ್ನೆ: ಜೋರು ಮಳೆ ಬಂದರೆ ಬಚ್ಚಲಿನಿಂದ ಕೊಳಚೆ ಉಕ್ಕುತ್ತದೆ. ರಸ್ತೆ ಎತ್ತರವಾಗಿ ಮನೆ ಒಂದೂವರೆ ಅಡಿ ತಗ್ಗಿಗೆ ಹೋಗಿದೆ. ಯುಜಿಡಿಯವರನ್ನು (ಒಳಚರಂಡಿ ವಿಭಾಗ) ಕರೆಸಿದರೆ ‘ಲೈನ್ ಕ್ಲೀನ್ ಇದೆ’ ಅಂತಾರೆ.

ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಯುಜಿಡಿ ಕೊಳವೆಯ ಅಳತೆ ಮನೆಗಳ ಕೊಳಚೆ ನೀರಿಗಷ್ಟೇ ಮಾಡಿದ್ದು. ಬೀದಿಯ ಹತ್ತು ಮನೆಯವರು ತಾರಸಿ ನೀರಿನ ಪೈಪನ್ನೂ ಅದಕ್ಕೇ ತಿರುಗಿಸಿದ್ದರೆ, ಮಳೆ ಬಂದ ಹತ್ತು ನಿಮಿಷದಲ್ಲಿ ಕೊಳವೆ ತುಂಬಿ ಎಲ್ಲಕ್ಕಿಂತ ತಗ್ಗಿನ ಮನೆಯಲ್ಲಿ ಬಾಯಿ ಬಿಡುತ್ತದೆ. ಅದು ನಿಮ್ಮದು. ಪತ್ತೆ ಹಚ್ಚುವುದು ಕಷ್ಟವಲ್ಲ. ಒಣ ದಿನ ಒಂದೊಂದೇ ಮನೆಯ ತಾರಸಿಯ ನೀರಿನ ಬಾಯಿಗೆ ಎರಡು ಬಕೆಟ್ ಬಣ್ಣದ ನೀರು ಹಾಕಿಸಿ, ಮುಂದಿನ ಮ್ಯಾನ್‌ಹೋಲ್‌ನಲ್ಲಿ ಪಾಲಿಕೆ ಸಿಬ್ಬಂದಿಯ ಸಮ್ಮುಖದಲ್ಲಿ ನೋಡಿ. ಹೋಳಿಯಲ್ಲಿ ಉಳಿದ ರಂಗು ಇದಕ್ಕೆ ಸಾಕು. ಬಣ್ಣ ಕಂಡ ಮನೆಯ ಪೈಪು ಮಳೆನೀರಿನ ಚರಂಡಿಗೆ ಹೋಗಬೇಕು.

ಅಲ್ಲಿಯವರೆಗೆ ನಿಮ್ಮ ಮನೆಯ ಕೊನೆಯ ಚೇಂಬರಿನಲ್ಲಿ ಹಿಮ್ಮುಖ ಹರಿವು ತಡೆಯುವ 110 ಮಿಲಿಮೀಟರ್ ವಾಲ್ವ್ ಹಾಕಿಸಿ. ಅದರ ಬಾಗಿಲ ಕೀಲು ಮೇಲ್ಗಡೆ ಇರಬೇಕು, ಬಾಣದ ಗುರುತು ರಸ್ತೆಯ ಕಡೆಗೆ. ತಲೆಕೆಳಗಾಗಿ ಕೂರಿಸಿದ್ದನ್ನು ಮೇಸ್ತ್ರಿಗಳೂ ಗಮನಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೂದಲು, ಜಿಡ್ಡು ತೆಗೆಯದಿದ್ದರೆ ಬಾಗಿಲು ಅರ್ಧಕ್ಕೆ ನಿಂತು, ಬೇಕಾದಾಗ ಮುಚ್ಚುವುದಿಲ್ಲ. ವಾಲ್ವ್ ಮುಚ್ಚಿದಾಗ ನಿಮ್ಮ ನೀರೂ ಹೊರಹೋಗದು. ಮಳೆ ಹೊತ್ತಲ್ಲಿ ವಾಷಿಂಗ್ ಮೆಷಿನ್ ಹಾಕಿದರೆ ಬಚ್ಚಲಲ್ಲಿ ಉಕ್ಕುವುದು ನಿಮ್ಮದೇ ನೀರು. ರಸ್ತೆಗೆ ಮತ್ತೆ ಡಾಂಬರು ಹಾಕುವಾಗ ಹಳೆಯ ಪದರ ಕೆರೆದು ಹಾಕಿ ಎಂದು ಟೆಂಡರ್ ಹಂತದಲ್ಲೇ ಲಿಖಿತವಾಗಿ ಕೇಳಿ. ರೋಲರ್ ಬಂದ ದಿನ ಅಡ್ಡ ನಿಂತು ಪ್ರಯೋಜನವಿಲ್ಲ.

ಇನ್ನೊಂದು. ಸಂಘದವರೇ ಯಾರನ್ನೋ ಕರೆತಂದು ಮ್ಯಾನ್‌ಹೋಲ್‌ಗೆ ಇಳಿಸುವ ಯೋಚನೆ ಕನಸಲ್ಲೂ ಬೇಡ. ಒಳಗಿನ ಅನಿಲಕ್ಕೆ ಮನುಷ್ಯ ಎರಡು ಉಸಿರಿಗೆ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯಲ್ಲಿ ಇಳಿಸಿದವರಿಗೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಪಾಲಿಕೆಯ ಜೆಟ್ಟಿಂಗ್ ಯಂತ್ರಕ್ಕೇ ಕಾಯಿರಿ.

ಪ್ರಶ್ನೆ: ಹುಡುಗರು ಬೈಕ್ ಓಡಿಸುವ ವೇಗ ತಡೆಯಲು ನಾವೇ ಸಿಮೆಂಟ್ ಹಾಕಿ ಹಂಪ್ ಮಾಡಿದೆವು. ಈಗ ಅದರಲ್ಲೇ ಇಬ್ಬರು ಬಿದ್ದರು. ತಪ್ಪೇನು?

ತಪ್ಪು ಆಕಾರದಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪ್‌ನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅಂದರೆ ಹನ್ನೆರಡು ಅಡಿ ಉದ್ದಕ್ಕೆ ನಾಲ್ಕಂಗುಲ ಏರಿ ಇಳಿಯುವ ಇಳಿಜಾರು, 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟುವಂಥದ್ದು. ಬಡಾವಣೆಗಳಲ್ಲಿ ಕಾಣುವುದು ಒಂದಡಿ ಅಗಲ, ಅರ್ಧ ಅಡಿ ಎತ್ತರದ ಕಟ್ಟೆ. ಅದು ವೇಗ ತಡೆಯುವುದಿಲ್ಲ, ಚಕ್ರ ಎತ್ತಿ ಒಗೆಯುತ್ತದೆ. ಎರಡೂ ಬದಿ ಚರಂಡಿಗೆ ಜಾಗ ಬಿಡದೆ ಕಟ್ಟಿದರೆ ಮಳೆನೀರು ನಿಂತು ಡಾಂಬರು ಕಿತ್ತು ಬರುತ್ತದೆ, ಹಂಪ್ ಪಕ್ಕದಲ್ಲೇ ಗುಂಡಿ.

ರಸ್ತೆ ನಿಮ್ಮದಲ್ಲ, ಹಾಗಾಗಿ ಹಂಪ್ ಹಾಕುವ ಅಧಿಕಾರವೂ ನಿಮ್ಮದಲ್ಲ. ಬಿದ್ದವರು ಕೇಸು ಹಾಕಿದರೆ ಕಟ್ಟಿದವರ ಹೆಸರೇ ಬರುತ್ತದೆ. ಈಗಲೇ ಒಡೆಸಿ. ಪಾಲಿಕೆ ಮತ್ತು ಸಂಚಾರ ಪೊಲೀಸರಿಗೆ ಜಂಟಿ ಮನವಿ ಕೊಡಿ. ಶಾಲೆ ತಿರುವು, ಅಡ್ಡರಸ್ತೆ ಕೂಡುವ ಜಾಗ, ಹತ್ತಿರದ ದೀಪದ ಕಂಬದ ಸಂಖ್ಯೆ ನಮೂದಿಸಿ. ಮುಂಚೆ 40 ಮೀಟರಲ್ಲಿ ಎಚ್ಚರಿಕೆ ಫಲಕ, ಹಂಪ್ ಮೇಲೆ ಬಣ್ಣದ ಪಟ್ಟೆ, ರಾತ್ರಿ ಬೆಳಕು, ಈ ಮೂರೂ ಇಲ್ಲದೆ ಒಪ್ಪಬೇಡಿ.

ಪ್ರಶ್ನೆ: ಖಾಲಿ ನಿವೇಶನಗಳಲ್ಲಿ ಕಾಂಗ್ರೆಸ್ ಗಿಡ ಎದೆಮಟ್ಟ. ಮಾಲೀಕರು ಎಲ್ಲೋ ಇದ್ದಾರೆ. ಕತ್ತರಿಸಿದರೂ ತಿಂಗಳಲ್ಲಿ ವಾಪಸ್.

ಕತ್ತರಿಸಿದ್ದೇ ತಪ್ಪಾಯಿತು. ಬುಡ ಉಳಿದರೆ ಹೆಚ್ಚು ಕವಲೊಡೆದು ಇನ್ನಷ್ಟು ಹೂ ಬಿಡುತ್ತದೆ. ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುವುದರಿಂದ ಬಿಳಿ ಹೂ ಕಾಣುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ತೋಳು ಮುಚ್ಚುವ ಅಂಗಿ, ಕೈಗವಸು, ಮೂಗಿಗೆ ಬಟ್ಟೆ ಕಡ್ಡಾಯ. ಮುಟ್ಟಿದವರಿಗೆ ಚರ್ಮದ ಅಲರ್ಜಿ, ಪರಾಗಕ್ಕೆ ಉಬ್ಬಸ ಬರುತ್ತದೆ. ಮಕ್ಕಳಿಂದ ಶ್ರಮದಾನ ಮಾಡಿಸುವ ಕೆಲಸ ಇದಲ್ಲ. ಕೀಳಲಾಗದಷ್ಟು ಹರಡಿದ್ದರೆ ಲೀಟರ್ ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ, ಬಿಸಿಲಿರುವಾಗ ಎಲೆ ತೊಯ್ಯುವಂತೆ ಸಿಂಪಡಿಸಿ. ಹೂದೋಟ ಮಾಡುವ ಜಾಗಕ್ಕೆ ಇದು ಬೇಡ, ಮಣ್ಣು ಉಪ್ಪಾಗುತ್ತದೆ. ತೆರವಾದ ನೆಲಕ್ಕೆ ತಗಚೆ ಬೀಜ ಎರಚಿದರೆ ಅದು ದಟ್ಟವಾಗಿ ಬೆಳೆದು ಕಾಂಗ್ರೆಸ್ಸನ್ನು ಮೇಲೇಳಗೊಡುವುದಿಲ್ಲ. ಎಲೆ ತಿನ್ನುವ ಪಟ್ಟೆಪಟ್ಟೆ ಪುಟ್ಟ ದುಂಬಿ ಕಂಡರೆ ಅದಕ್ಕೆ ಔಷಧ ಹೊಡೆಯಬೇಡಿ. ಮೆಕ್ಸಿಕೋದ ಆ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೇ ಈ ಕಳೆ ತಿನ್ನಲಿ ಎಂದು.

ಮಾಲೀಕರಿಗೆ ನೋಟಿಸ್ ಕೊಡುವುದು, ಪಾಲಿಕೆಯೇ ತೆರವು ಮಾಡಿಸಿ ಖರ್ಚನ್ನು ಅವರಿಂದ ವಸೂಲಿ ಮಾಡುವುದು ಆಗುವ ಕೆಲಸ. ಆದರೆ ನಿವೇಶನದ ಸಂಖ್ಯೆ, ಸಾಧ್ಯವಾದರೆ ಖಾತಾ ಸಂಖ್ಯೆ ಕೊಟ್ಟರಷ್ಟೇ ನೋಟಿಸ್ ಹೊರಡುತ್ತದೆ.

ಪ್ರಶ್ನೆ: ಬೀದಿನಾಯಿಗಳನ್ನು ಹಿಡಿಸಿ ದೂರ ಬಿಡಿಸಬಹುದೇ? ಅನ್ನ ಹಾಕುವವರ ಜೊತೆ ದಿನಾ ಜಗಳ.

ಸಂಘ ಹಿಡಿಸಿ ಬೇರೆ ಕಡೆ ಬಿಡುವಂತಿಲ್ಲ. ಪ್ರಾಣಿಗಳ ಸಂತಾನ ನಿಯಂತ್ರಣದ 2023ರ ನಿಯಮಗಳಂತೆ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ತಂದು ಬಿಡಬೇಕು. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶವೂ ಇದನ್ನೇ ಹೇಳಿ, ರೇಬೀಸ್ ತಗುಲಿದ, ಮೈಮೇಲೆ ಬರುವ ನಾಯಿಗಳನ್ನು ಮಾತ್ರ ಹೊರಗಿಟ್ಟಿತು. ಬೀದಿಯಲ್ಲಿ ಎಲ್ಲೆಂದರಲ್ಲಿ ಅನ್ನ ಹಾಕುವುದನ್ನು ನಿಲ್ಲಿಸಿ, ವಾರ್ಡಿನಲ್ಲಿ ಗೊತ್ತುಪಡಿಸಿದ ಜಾಗದಲ್ಲೇ ಹಾಕಬೇಕೆಂದೂ ಅದರಲ್ಲಿದೆ. ನವೆಂಬರ್ 7ರ ಇನ್ನೊಂದು ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣಗಳದ್ದು; ಅಲ್ಲಿ ಹಿಡಿದದ್ದನ್ನು ಅಲ್ಲಿಗೇ ಬಿಡುವಂತಿಲ್ಲ. ಹಾಗಾಗಿ ಜಗಳ ಬಿಟ್ಟು ಮಕ್ಕಳ ಆಟದ ಜಾಗ, ಬಡಾವಣೆಯ ಬಾಗಿಲಿನಿಂದ ದೂರದ ಒಂದು ಮೂಲೆಯನ್ನು ಗುರುತಿಸಿ ಪಾಲಿಕೆಗೆ ಬರೆದು ಒಪ್ಪಿಗೆ ಪಡೆಯಿರಿ. ಕಿವಿಯ ತುದಿ ಕತ್ತರಿಸಿದ್ದು ಶಸ್ತ್ರಚಿಕಿತ್ಸೆ ಆದದ್ದರ ಗುರುತು. ಆ ಗುರುತಿಲ್ಲದ ನಾಯಿಗಳನ್ನು ಎಣಿಸಿ, ಬಣ್ಣ, ಬೀದಿ ಸಮೇತ ಪಟ್ಟಿ ಕೊಡಿ. ‘ನಾಯಿ ಕಾಟ ಜಾಸ್ತಿ’ ಎಂಬ ಅರ್ಜಿಗಿಂತ ‘ಗುರುತಿಲ್ಲದ 14 ನಾಯಿ’ ಎಂಬ ಪಟ್ಟಿಗೆ ವಾಹನ ಬೇಗ ಬರುತ್ತದೆ.

ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ.

ಪ್ರಶ್ನೆ: ನಾಲ್ಕು ಮನೆಯವರು ಸದಸ್ಯರಾಗಲು ಒಪ್ಪುತ್ತಿಲ್ಲ. ನೀರು ನಿಲ್ಲಿಸಬಹುದೇ?

ನಿವೇಶನಗಳ ಬಡಾವಣೆಯಲ್ಲಿ ಸಂಘದ ಸದಸ್ಯತ್ವ ಬಲವಂತದ್ದಲ್ಲ. ಆದರೆ ಸಂಘದ ಬೋರಿನ ನೀರು ಪಡೆದರೆ ಅದರ ದರ ಕೇಳುವುದು ಬೇರೆ ಮಾತು. ಸದಸ್ಯತ್ವದ ವಂತಿಗೆ, ನೀರಿನ ದರ ಎರಡನ್ನೂ ಬೇರೆ ರಶೀದಿಯಲ್ಲಿ ಬರೆಯಿರಿ. ಮನೆಗೊಂದು ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಬಾಕಿಗೆ ಲಿಖಿತ ನೋಟಿಸ್ ಕೊಡಿ. ಕುಡಿಯುವ ನೀರನ್ನೇ ಕತ್ತರಿಸಿದರೆ ಠಾಣೆಯಲ್ಲಿ ಕೂರುವವರು ನೀವಾಗುತ್ತೀರಿ.

ಪ್ರಶ್ನೆ: ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ನಿರ್ವಹಣಾ ಶುಲ್ಕ ತಿಂಗಳಿಗೆ 2,500. ಜಿಎಸ್‌ಟಿ ಕಟ್ಟಬೇಕೆಂದು ಒಬ್ಬರು ಹೆದರಿಸಿದ್ದಾರೆ.

ಬೇಕಿಲ್ಲ. ಒಬ್ಬ ಸದಸ್ಯರಿಗೆ ತಿಂಗಳಿಗೆ 7,500 ರೂಪಾಯಿವರೆಗಿನ ಶುಲ್ಕಕ್ಕೆ 2018ರ ಜನವರಿ 25ರಿಂದ ವಿನಾಯಿತಿ ಇದೆ. ನಿಮ್ಮ ವರ್ಷದ ಒಟ್ಟು ವಸೂಲಿ 7,20,000 ಆಗುತ್ತದೆ, ನೋಂದಣಿಯ ಮಿತಿಯಾದ 20 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ತಾರಸಿಯನ್ನು ಮೊಬೈಲ್ ಟವರಿಗೆ ಬಾಡಿಗೆ ಕೊಟ್ಟಿದ್ದರೆ ಮಾತ್ರ ಆ ಬಾಡಿಗೆಯನ್ನೂ ಕೂಡಿಸಿ ಲೆಕ್ಕ ಪರಿಶೋಧಕರಿಗೆ ತೋರಿಸಿ.

ಪ್ರಶ್ನೆ: ಬಡಾವಣೆಯ ಉದ್ಯಾನದಲ್ಲಿ ಹಬ್ಬಕ್ಕೆ ಶೆಡ್ ಹಾಕಿದ್ದರು. ಹಬ್ಬ ಮುಗಿದರೂ ತೆಗೆದಿಲ್ಲ, ಈಗ ಗೋಡೆ ಕಟ್ಟುತ್ತಿದ್ದಾರೆ. ರಾತ್ರಿ ಹನ್ನೊಂದರವರೆಗೆ ಮೈಕು ಬೇರೆ.

ಮೈಕಿನದು ಸುಲಭ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ, ವಿಶೇಷ ಅನುಮತಿಯ ಕೆಲವು ದಿನ ಬಿಟ್ಟರೆ. 112ಕ್ಕೆ ಕರೆ ಮಾಡಿ.

ಗೋಡೆಯ ವಿಷಯದಲ್ಲಿ ತಡ ಮಾಡಬೇಡಿ. ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಬೇರೆಯದಕ್ಕೆ ಬಳಸದಂತೆ ಕರ್ನಾಟಕದಲ್ಲಿ 1985ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಸಂಘದ ಮಹಾಸಭೆ ಒಪ್ಪಿದರೂ ಅದನ್ನು ಮೀರಲಾಗದು. ಅನುಮೋದಿತ ನಕ್ಷೆಯಲ್ಲಿ ಆ ಜಾಗದ ಅಳತೆ ನೋಡಿ, ಟೇಪ್ ಹಿಡಿದು ನಾಲ್ಕೂ ಬದಿ ಅಳೆಯಿರಿ. ದಿನಾಂಕ ಕಾಣುವ ಫೋಟೋ ತೆಗೆಯಿರಿ: ಅಡಿಪಾಯ, ಗೋಡೆ, ಚಾವಣಿ, ಪ್ರತಿ ಹಂತದ್ದೂ. ಅಡಿಪಾಯದ ಹಂತದಲ್ಲಿ ಕೊಟ್ಟ ದೂರಿಗೆ ಕೆಲಸ ನಿಲ್ಲುತ್ತದೆ. ಚಾವಣಿ ಬಿದ್ದು ಒಳಗೆ ಪೂಜೆ ಶುರುವಾದ ಮೇಲೆ ಕೊಟ್ಟ ದೂರು ನ್ಯಾಯಾಲಯಕ್ಕೆ ಹೋಗಿ ಕೂರುತ್ತದೆ. ದೂರನ್ನು ಪಾಲಿಕೆ, ದೂಡಾ ಎರಡಕ್ಕೂ ಕೊಟ್ಟು, ಎರಡರ ಸ್ವೀಕೃತಿ ಮುದ್ರೆಯೂ ಇರುವ ಪ್ರತಿಯನ್ನು ಸಂಘದ ಕಡತದಲ್ಲಿಡಿ, ಕಾರ್ಯದರ್ಶಿಯ ಮನೆಯ ಬೀರುವಿನಲ್ಲಲ್ಲ.